ಬೇಸಿಗೆಯಲ್ಲಿ ಲೇಕ್ ಲೇನಿಯರ್ ಸ್ಟ್ರೈಪರ್‌ಗೆ ಎಷ್ಟು ಆಳಕ್ಕೆ ಗಾಳ ಬಿಡಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ನಲ್ಲಿ ಇದ್ದೇವೆ. ರಜಾ ದಿನ ಲೇಕ್ ಲೇನಿಯರ್‌ಗೆ ಸ್ಟ್ರೈಪ್ಡ್ ಬಾಸ್ (ಸ್ಟ್ರೈಪರ್) ಮೀನು ಹಿಡಿಯಲು ಹೋಗುತ್ತೇವೆ. ಏಪ್ರಿಲ್, ಮೇನಲ್ಲಿ ಮೇಲೆಯೇ ಸಿಗುತ್ತಿದ್ದವು. ಈಗ ಸೆಪ್ಟೆಂಬರ್. ಸೆಕೆಗೆ ತಳಕ್ಕೆ ಇಳಿದಿರುತ್ತವೆ ಎಂದುಕೊಂಡು, ಲೇಕಿನ ಉತ್ತರ ಭಾಗದಲ್ಲಿ ತಳ ಮುಟ್ಟುವ ತನಕ ಬೈಟಿಗೆ ಜೀವಂತ ಹೆರಿಂಗ್ ಎಂಬ ಸಣ್ಣ ಮೀನು ಇಳಿಸಿದೆವು. ಒಂದೂ ಮುಟ್ಟಲಿಲ್ಲ. ಹೆರಿಂಗ್ ಸತ್ತು ಮೇಲೆ ಬಂತು. ಕೆಳಗೆ ಆಮ್ಲಜನಕ ಇಲ್ಲ ಎಂದು ಪಕ್ಕದ ದೋಣಿಯವರು ಹೇಳಿದರು. ಅಷ್ಟು ದೊಡ್ಡ ಲೇಕಿನಲ್ಲಿ ಅದು ಹೇಗೆ ಖಾಲಿಯಾಗುತ್ತದೆ?

ಉತ್ತರ: ನಮಸ್ಕಾರ. ಪಕ್ಕದ ದೋಣಿಯವರು ಸರಿಯಾಗಿಯೇ ಹೇಳಿದ್ದಾರೆ. ಮೀನು ಮತ್ತು ಕೆರೆ ನೀರಿನ ಅಧ್ಯಯನವೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚಳಿಗಾಲದಲ್ಲಿ ಲೇನಿಯರ್ ನೀರು ಮೇಲಿಂದ ಕೆಳಗಿನ ತನಕ ಹೆಚ್ಚುಕಡಿಮೆ ಒಂದೇ ತಂಪು. ಗಾಳಿ ಬೀಸಿದರೆ ಪೂರ್ತಿ ಕಲಕುತ್ತದೆ, ತಳಕ್ಕೂ ಆಮ್ಲಜನಕ ಹೋಗುತ್ತದೆ. ವಸಂತದಲ್ಲಿ ಬಿಸಿಲು ಏರಿದಂತೆ ಮೇಲಿನ ನೀರು ಬಿಸಿಯಾಗಿ ಹಗುರಾಗುತ್ತದೆ. ಕೆಳಗಿನದು ತಂಪಾಗಿ, ಭಾರವಾಗಿ ಅಲ್ಲೇ ಉಳಿಯುತ್ತದೆ. ಎರಡರ ಮಧ್ಯೆ, ಸುಮಾರು 25-30 ಅಡಿಯಲ್ಲಿ, ಬಿಸಿ ಥಟ್ಟನೆ ಇಳಿಯುವ ಪದರ ಒಂದಿದೆ. ಅದೇ ಥರ್ಮೋಕ್ಲೈನ್. ಪಾತ್ರೆಗೆ ಮುಚ್ಚಳ ಹಾಕಿದಂತೆ ಅದು ಕೆಳಗಿನ ನೀರನ್ನು ಗಾಳಿಯಿಂದ ಬೇರೆ ಮಾಡುತ್ತದೆ.

ಮುಚ್ಚಳದ ಕೆಳಗೆ ಬೆಳಕು ಸಾಲದು, ಹಾಗಾಗಿ ಹೊಸ ಆಮ್ಲಜನಕ ಹುಟ್ಟುವುದಿಲ್ಲ. ಖರ್ಚು ಮಾತ್ರ ನಿಲ್ಲುವುದಿಲ್ಲ. ಮೇಲಿನ ಪಾಚಿ ಸತ್ತು ಕೆಳಗೆ ಬೀಳುತ್ತಲೇ ಇರುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಆಮ್ಲಜನಕ ಬಳಸುತ್ತವೆ. ವಸಂತದಲ್ಲಿ ಎಷ್ಟು ಸಿಕ್ಕಿಕೊಂಡಿತ್ತೋ ಅಷ್ಟರಲ್ಲೇ ಚಳಿಗಾಲದ ತನಕ ನಡೆಯಬೇಕು. ಗೇನ್ಸ್‌ವಿಲ್ ಸುತ್ತಲಿನ ಕೋಳಿ ಗೊಬ್ಬರ, ನಮ್ಮೆಲ್ಲರ ಮನೆಯ ಹುಲ್ಲುಹಾಸಿಗೆ ಹಾಕುವ ಗೊಬ್ಬರ, ಸೆಪ್ಟಿಕ್ ಟ್ಯಾಂಕ್ ನೀರು ಇವುಗಳ ರಂಜಕ ಲೇಕಿಗೆ ಸೇರಿದಷ್ಟೂ ಪಾಚಿ ಜಾಸ್ತಿ. ತಳ ಅಷ್ಟು ಬೇಗ ಬರಿದಾಗುತ್ತದೆ. ಹೊಳೆ ಬಂದು ಸೇರುವ ಉತ್ತರ ಭಾಗದಲ್ಲಿ ಮೊದಲು ಖಾಲಿ. ಲೇಕಿನ ದಕ್ಷಿಣ ತುದಿಯ ಬ್ಯುಫರ್ಡ್ ಅಣೆಕಟ್ಟಿನ ಹತ್ತಿರ ಆಳ ನೂರು ಅಡಿ ಮೀರಿ, ತಣ್ಣೀರಿನ ರಾಶಿಯೇ ಇರುವುದರಿಂದ ಅಲ್ಲಿ ಕೊನೆಗೆ. ನೀವು ಹೋಗಿದ್ದ ಜಾಗವೇ ಮೊದಲು ಖಾಲಿಯಾಗುವಂಥದ್ದು.

ಇನ್ನು ಮೀನಿನ ಕಡೆ ನೋಡೋಣ. ಸ್ಟ್ರೈಪರ್ ಮೂಲತಃ ಸಮುದ್ರದ್ದು, ಮೊಟ್ಟೆ ಇಡಲು ಹೊಳೆ ಹತ್ತುವ ಮೀನು. ಅದು ಸಿಹಿನೀರಿನಲ್ಲೇ ಬಾಳಬಲ್ಲದು ಎಂಬುದು ದಕ್ಷಿಣ ಕ್ಯಾರೊಲೈನಾದ ಸ್ಯಾಂಟಿ-ಕೂಪರ್ ಜಲಾಶಯಗಳಲ್ಲಿ 1940ರ ದಶಕದಲ್ಲಿ ಸಿಕ್ಕಿಬಿದ್ದ ಮೀನುಗಳಿಂದ ಗೊತ್ತಾಯಿತು. ಲೇನಿಯರ್‌ನಲ್ಲಿ ಅದರ ಸಂತಾನ ತಾನಾಗಿ ಬೆಳೆಯುವುದಿಲ್ಲ. ರಾಜ್ಯದವರು ಮರಿ ತಂದು ಬಿಡುತ್ತಾರೆ. ಬೆಳೆದ ಸ್ಟ್ರೈಪರ್‌ಗೆ 65ರಿಂದ 77 ಡಿಗ್ರಿ ಫ್ಯಾರನ್‌ಹೀಟ್ ಒಳಗಿನ ನೀರು ಹಿತ. ಲೀಟರ್‌ಗೆ 2 ಮಿಲಿಗ್ರಾಂಗಿಂತ ಕಡಿಮೆ ಆಮ್ಲಜನಕ ಇರುವ ಕಡೆ ಅದು ನಿಲ್ಲುವುದಿಲ್ಲ. ಆಗಸ್ಟ್‌ನಲ್ಲಿ ಮೇಲಿನ ನೀರು 85 ಡಿಗ್ರಿ ದಾಟುತ್ತದೆ. ಮೇಲೆ ಸುಡುತ್ತದೆ, ಕೆಳಗೆ ಉಸಿರು ಕಟ್ಟುತ್ತದೆ. ಮಧ್ಯದ ತೆಳುವಾದ ಪದರದಲ್ಲಿ ಮೀನು ಇರುಕಿಕೊಳ್ಳುತ್ತದೆ. ಓಕ್ ರಿಡ್ಜ್ ಪ್ರಯೋಗಾಲಯದ ಚಾರ್ಲ್ಸ್ ಕೌಟಂಟ್ ಟೆನಿಸ್ಸಿಯ ಚೆರೋಕೀ ಜಲಾಶಯದ ಮೀನುಗಳನ್ನು ನೋಡಿ, 1985ರಲ್ಲಿ ಈ ಇಕ್ಕಟ್ಟಿನ ಬಗ್ಗೆ ವಿವರವಾಗಿ ಬರೆದರು. ಮರಿಗಳು ಬಿಸಿ ತಡೆಯುತ್ತವೆ, ದೊಡ್ಡವಕ್ಕೆ ಆಗುವುದಿಲ್ಲ. ನಿಮಗೆ ಬೇಕಾದ ದೊಡ್ಡ ಮೀನೇ ಮೊದಲು ನರಳುವುದು.

ಹಾಗಾಗಿ ದಕ್ಷಿಣಕ್ಕೆ, ಅಣೆಕಟ್ಟಿನ ಕಡೆಗೆ ಹೋಗಿ. ತಳ ಮರೆತುಬಿಡಿ. ಫಿಶ್ ಫೈಂಡರ್‌ನ (ಶಬ್ದದ ಅಲೆಯಿಂದ ನೀರೊಳಗಿನ ಮೀನು ತೋರಿಸುವ ಸಾಧನ) ಸೆನ್ಸಿಟಿವಿಟಿ ಏರಿಸಿದರೆ ಥರ್ಮೋಕ್ಲೈನ್ ಮಬ್ಬು ಪಟ್ಟಿಯಾಗಿ ಕಾಣುತ್ತದೆ. ಅದರ ಕೆಳಗೆ ಹೆರಿಂಗ್ ಹಿಂಡು, ದೊಡ್ಡ ಮೀನಿನ ಕಮಾನಿನಂಥ ಗುರುತು ಎಲ್ಲಿವೆ ನೋಡಿ. ಒಂದು ಆಳದಿಂದ ಕೆಳಗೆ ಪರದೆ ಪೂರ್ತಿ ಖಾಲಿ ಇದ್ದರೆ, ಉಸಿರಾಡುವ ನೀರು ಬಹುಶಃ ಅಲ್ಲಿಗೆ ಮುಗಿಯಿತು. ಬೈಟನ್ನು ಮೀನಿಗಿಂತ ಸ್ವಲ್ಪ ಮೇಲೆ ನಿಲ್ಲಿಸಿ. ಸ್ಟ್ರೈಪರ್ ಮೇಲೆ ಬಂದು ಕಚ್ಚುತ್ತದೆ, ಕೆಳಗಿರುವುದಕ್ಕೆ ಇಳಿಯುವುದು ಕಡಿಮೆ. ಸತ್ತ ಹೆರಿಂಗ್ ಕೂಡ ಸುಳಿವೇ. ಆದರೆ ಬೈಟ್ ಟ್ಯಾಂಕಿನ ನೀರು ಬಿಸಿಯಿದ್ದರೂ ಅದು ಸಾಯುತ್ತದೆ, ಹಾಗಾಗಿ ಟ್ಯಾಂಕಿಗೆ ಐಸ್ ಹಾಕಿಕೊಂಡು ಮತ್ತೊಮ್ಮೆ ಇಳಿಸಿ ನೋಡಿ. ಉದ್ದ ಕೇಬಲ್ ಇರುವ ಆಮ್ಲಜನಕ ಮೀಟರ್ ಸಿಕ್ಕರೆ ಊಹೆಯೇ ಬೇಡ. ದುಬಾರಿ ಸಾಮಾನು, ಗುಂಪಿನವರು ಸೇರಿ ಕೊಳ್ಳಬಹುದು.

ಮತ್ತೊಬ್ಬ ಸದಸ್ಯರು: ಒಂದೇ ಪದರದಲ್ಲಿ ಸೇರಿದ್ದರೆ ಹಿಡಿಯುವುದು ಸುಲಭ ಅಲ್ವಾ ಮೇಡಂ? ನಾವು ಹೇಗೂ ತಿನ್ನುವುದಿಲ್ಲ. ಫೋಟೋ ತೆಗೆದು ವಾಪಸ್ ಬಿಡುತ್ತೇವೆ.

ಉತ್ತರ: ದಯವಿಟ್ಟು ಈ ತಿಂಗಳುಗಳಲ್ಲಿ ಹಾಗೆ ಮಾಡಬೇಡಿ. ಸುಲಭ ಎನ್ನುವುದು ನಿಜ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. 60 ಅಡಿ ಆಳದ ತಣ್ಣೀರಿನಿಂದ ಎಳೆದಾಗ ಮೀನು ಸೆಣಸಾಡಿ ಪೂರ್ತಿ ದಣಿಯುತ್ತದೆ. ಹೊಟ್ಟೆಯೊಳಗಿನ ಗಾಳಿಚೀಲ ಒತ್ತಡ ಇಳಿದು ಉಬ್ಬುತ್ತದೆ. ಸುಧಾರಿಸಿಕೊಳ್ಳಲು ಜಾಸ್ತಿ ಆಮ್ಲಜನಕ ಬೇಕಾದ ಹೊತ್ತಿನಲ್ಲೇ ಅದಕ್ಕೆ ಸಿಗುವುದು 80 ಡಿಗ್ರಿ ದಾಟಿದ ನೀರು. ಬಿಟ್ಟಾಗ ಈಜಿಕೊಂಡು ಹೋದ ಹಾಗೆ ಕಾಣುತ್ತದೆ. ಆಮೇಲೆ ನಮ್ಮ ಕಣ್ಣಿಗೆ ಬೀಳದ ಕಡೆ ಸಾಯುತ್ತದೆ. ಲೈವ್‌ವೆಲ್‌ನಲ್ಲಿ (ದೋಣಿಯಲ್ಲಿ ಮೀನನ್ನು ಜೀವಂತ ಇಡುವ ತೊಟ್ಟಿ) ಇಟ್ಟು ಆಮೇಲೆ ಬಿಟ್ಟರೂ ಅಷ್ಟೇ, ಅದರಲ್ಲಿರುವುದೂ ಮೇಲಿನ ಬಿಸಿ ನೀರೇ.

ಜಾರ್ಜಿಯಾದಲ್ಲಿ ಸ್ಟ್ರೈಪರ್, ವೈಟ್ ಬಾಸ್, ಇವೆರಡರ ಮಿಶ್ರತಳಿ ಹೈಬ್ರಿಡ್ ಎಲ್ಲ ಸೇರಿ ದಿನಕ್ಕೆ 15 ಮೀನು. ಅದರಲ್ಲಿ 22 ಇಂಚು ಅಥವಾ ಅದಕ್ಕಿಂತ ದೊಡ್ಡವು ಎರಡೇ. ಎರಡು ದೊಡ್ಡ ಮೀನು ಸಿಕ್ಕಮೇಲೆ ಗಾಳ ಸುತ್ತಿಡಿ. ತಿನ್ನದವರು ಸಸ್ಯಾಹಾರಿ ಸ್ನೇಹಿತರನ್ನು ಬಿಟ್ಟು ಬೇರೆಯವರ ಮನೆಗೆ ಕೊಡಬಹುದು, ಅಥವಾ ಬೇಸಿಗೆಯಲ್ಲಿ ಬೇರೆ ಮೀನಿಗೆ ಹೋಗಬಹುದು. ಸ್ಪಾಟೆಡ್ ಬಾಸ್ ಇದೇ ಲೇಕಿನಲ್ಲಿ ಧಾರಾಳವಾಗಿದೆ, ಅದು ಬಿಸಿ ನೀರಿಗೆ ಇಷ್ಟು ಅಂಜುವುದಿಲ್ಲ.

ಬೆಂಗಳೂರಿನ ಸದಸ್ಯರು: 2016ರ ಮಾರ್ಚ್‌ನಲ್ಲಿ ನಮ್ಮ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದವು. ಅದೂ ಇದೇನಾ?

ಉತ್ತರ: ಕೊನೆಗೆ ಕೊಂದದ್ದು ಆಮ್ಲಜನಕದ ಕೊರತೆಯೇ, ಆದರೆ ದಾರಿ ಬೇರೆ. ಹಲಸೂರಿನಂಥ ಆಳವಿಲ್ಲದ ಕೆರೆಗೆ ಚರಂಡಿ ನೀರು ಸೇರಿದರೆ ಮೇಲಿಂದ ಕೆಳಗಿನ ತನಕ ಒಟ್ಟಿಗೇ ಕೆಡುತ್ತದೆ. ರಾತ್ರಿ ಪಾಚಿಯೂ ಉಸಿರಾಡುವುದರಿಂದ ನಸುಕಿನ ಹೊತ್ತಿಗೆ ಪರಿಸ್ಥಿತಿ ತೀರಾ ಹದಗೆಡುತ್ತದೆ. ಓಡಿಹೋಗಲು ಜಾಗವೇ ಇಲ್ಲ. ಲೇನಿಯರ್‌ನಲ್ಲಿ ಸರಿಯಲು ಇನ್ನೂ ಜಾಗ ಉಂಟು.

ಜಾಗ ಇದ್ದರೂ ಸಿಕ್ಕಿಬೀಳುತ್ತವೆ, ಅದನ್ನೂ ಹೇಳಬೇಕು. ಉತ್ತರ ಕ್ಯಾರೊಲೈನಾದ ಲೇಕ್ ನಾರ್ಮನ್‌ನಲ್ಲಿ 2010ರ ಬೇಸಿಗೆಯಲ್ಲಿ ಸಾವಿರಾರು ಸ್ಟ್ರೈಪರ್ ಸತ್ತವು. ಹೊರಗಿನಿಂದ ಬಂದು ಸೇರಿದ್ದ ಹೆರಿಂಗ್ ಜಾತಿಯ ಮೀನುಗಳು ತಳದ ತಂಪಿಗೆ ಇಳಿದವು, ಅವುಗಳ ಬೆನ್ನು ಹತ್ತಿ ಸ್ಟ್ರೈಪರ್ ಇಳಿದವು. ಅಷ್ಟರಲ್ಲಿ ಮಧ್ಯದ ಪದರದ ಆಮ್ಲಜನಕ ಮುಗಿದು ವಾಪಸ್ ಬರುವ ದಾರಿ ಮುಚ್ಚಿತು. ಆಮೇಲೆ ತಳದ್ದೂ ಮುಗಿಯಿತು. ಆ ರಾಜ್ಯದವರು ನಂತರ ಅಲ್ಲಿ ಸ್ಟ್ರೈಪರ್ ಬದಲು ಹೈಬ್ರಿಡ್ ಮರಿ ಬಿಡತೊಡಗಿದರು. ಬೈಟಿಗೆ ತಂದ ಮೀನು ಉಳಿದರೆ ಯಾವ ಲೇಕಿಗೂ ಸುರಿಯಬೇಡಿ ಎನ್ನುವುದು ಇದಕ್ಕೇ.

ಮೊದಲ ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಅಕ್ವೇರಿಯಂಗೆ ಪಂಪ್ ಹಾಕುವ ಹಾಗೆ ಲೇಕಿಗೂ ಆಮ್ಲಜನಕ ಹಾಕಲು ಆಗುವುದಿಲ್ಲವೇ? ಮತ್ತೆ ಮೀನು ಮೇಲೆ ಬರುವುದು ಯಾವಾಗ?

ಉತ್ತರ: ಆಗುತ್ತದೆ, ಮಾಡಿದ್ದಾರೆ ಕೂಡ. ಜಾರ್ಜಿಯಾ ಮತ್ತು ದಕ್ಷಿಣ ಕ್ಯಾರೊಲೈನಾ ಗಡಿಯಲ್ಲಿ ಸವಾನ್ನಾ ನದಿಯ ಥರ್ಮಂಡ್ ಲೇಕ್ ಇದೆ. ಅಲ್ಲಿ ಸೇನೆಯ ಎಂಜಿನಿಯರ್ ವಿಭಾಗದವರು 2011ರಿಂದ ತಳದ ಪೈಪುಗಳಲ್ಲಿ ಆಮ್ಲಜನಕ ಬಿಡುತ್ತಿದ್ದಾರೆ. ಸಣ್ಣ ಗುಳ್ಳೆಗಳು ಪದರ ಕದಡದೆ ತಣ್ಣೀರಿನಲ್ಲೇ ಕರಗುತ್ತವೆ. ಮೇಲಿನ ರಸೆಲ್ ಅಣೆಕಟ್ಟಿಗೆ ನೀರು ವಾಪಸ್ ಪಂಪ್ ಮಾಡುವುದರಿಂದ ಸ್ಟ್ರೈಪರ್ ಕಳೆದುಕೊಂಡ ಬೇಸಿಗೆಯ ಜಾಗಕ್ಕೆ ಬದಲಾಗಿ ಕಟ್ಟಿದ್ದು ಅದು. ಬೇಸಿಗೆಯಲ್ಲಿ ಸ್ಟ್ರೈಪರ್ ಅಲ್ಲಿಗೇ ಸೇರುತ್ತವೆ. ಬ್ಯುಫರ್ಡ್‌ನಲ್ಲಿ ಟರ್ಬೈನ್ ಮೂಲಕ ನೀರಿಗೆ ಗಾಳಿ ಬೆರೆಸುತ್ತಾರೆ. ಅದರ ಲಾಭ ಕೆಳಗಿನ ಚಟ್ಟಾಹೂಚಿ ಹೊಳೆಯ ಟ್ರೌಟ್‌ಗೆ, ಲೇಕಿನ ಮೀನಿಗಲ್ಲ.

ಮೇಲಿನ ನೀರು 70 ಡಿಗ್ರಿಗಿಂತ ಇಳಿಯುತ್ತಾ ಬಂದಂತೆ, ಅಕ್ಟೋಬರ್ ಕೊನೆಯಿಂದ ಸ್ಟ್ರೈಪರ್ ಮೇಲೆ ಬರತೊಡಗುತ್ತವೆ. ನೀರು ಪೂರ್ತಿ ಕಲಕುವುದು ಇನ್ನೂ ತಡ, ಡಿಸೆಂಬರ್ ಹೊತ್ತಿಗೆ. ನವೆಂಬರ್‌ನಲ್ಲಿ ಬೆಳಿಗ್ಗೆ ಬೇಗ ಹೋಗಿ, ಹೆರಿಂಗ್ ಅನ್ನು ಸಿಂಕರ್ (ಗಾಳಕ್ಕೆ ಕಟ್ಟುವ ಭಾರ) ಇಲ್ಲದೆ ದೋಣಿಯ ಹಿಂದೆ ತೇಲಿಬಿಡಿ. ಆಗ ಹಿಡಿದು ಬಿಟ್ಟ ಮೀನೂ ಬದುಕುತ್ತದೆ.