ಮಗಳಿಗೆ ಸೀರಿಯಲ್‌ನಲ್ಲಿ ಪಾತ್ರ ಸಿಕ್ಕಿದೆ, ಬಳ್ಳಾರಿಯಿಂದ ಕಳಿಸಲಾ? ಬಣ್ಣ ಹಚ್ಚಿದವರು ಹೇಳಿ

ಕೇಳಿದವರು: ಒಬ್ಬ ತಾಯಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಮಗಳಿಗೆ 23. ಬಿಕಾಂ ಮುಗಿದಿದೆ. ಕಾಲೇಜಿನಿಂದಲೂ ನಾಟಕದ ಹುಚ್ಚು. ರಾಘವ ಕಲಾಮಂದಿರದಲ್ಲಿ ನಾಲ್ಕೈದು ನಾಟಕ ಮಾಡಿದ್ದಾಳೆ, ಸುತ್ತಲಿನ ಹಳ್ಳಿಗಳಲ್ಲೂ ಒಂದೆರಡು. ಹೋದ ತಿಂಗಳು ಬೆಂಗಳೂರಿಗೆ ಆಡಿಷನ್‌ಗೆ ಹೋಗಿದ್ದಳು. ನಾಯಕಿಯ ತಂಗಿ ಪಾತ್ರ, ತಿಂಗಳಿಗೆ 15 ದಿನ ಕೆಲಸ ಅಂತೆ. ಅವರಪ್ಪ ಬೇಡ ಅಂತ ಕೂತಿದ್ದಾರೆ. ನನಗೆ ಹೂಂ ಅನ್ನಲೂ ಭಯ, ಬೇಡ ಅನ್ನಲೂ ಮನಸ್ಸಿಲ್ಲ. ಆ ಕಡೆ ಹೋಗಿ ಬಂದವರು ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ. ಕೆಲಸ ಹೇಗೆ, ದುಡ್ಡು ಹೇಗೆ, ಸೀರಿಯಲ್ ನಿಂತ ಮೇಲೆ ಏನು?

ಕೌಲ್‌ಬಜಾರ್‌ನಿಂದ

ಅಕ್ಕಾ, ನಾನು ಎಂಟು ವರ್ಷ ಕಂಪನಿ ನಾಟಕದಲ್ಲಿದ್ದೆ, ಊರೂರಿಗೆ ಹೋಗಿ ಕ್ಯಾಂಪ್ ಹಾಕಿ ಆಡುವ ತಂಡ. ಆಮೇಲೆ ಐದು ವರ್ಷ ಬೆಂಗಳೂರಿನಲ್ಲಿ ಸೀರಿಯಲ್. ನಡುವೆ ಮೂರು ಸಿನಿಮಾ, ಅದರಲ್ಲಿ ಒಂದು ಬಿಡುಗಡೆಯೇ ಆಗಲಿಲ್ಲ. ಈಗ ಊರಿಗೆ ವಾಪಸ್ ಬಂದಿದ್ದೇನೆ. ಹಳ್ಳಿಯವರು ನಾಟಕಕ್ಕೆ ಕರೆದರೆ ಹೋಗುತ್ತೇನೆ, ಉಳಿದ ದಿನ ಹೊಲಿಗೆ ಮಷೀನು. ಮೂರೂ ಕಡೆ ನೀರು ಕುಡಿದವಳು ಅಂದುಕೊಳ್ಳಿ.

ಕಳಿಸಿ. ಆದರೆ ನಾಟಕ ಬಿಡಿಸಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಕಂಪನಿಯಲ್ಲಿ ನಾನು ಮೊದಲು ಪಳಗಿಸಿದ್ದು ಗಂಟಲು. ಬನಶಂಕರಿ ಜಾತ್ರೆಗೆ ಕ್ಯಾಂಪ್ ಹಾಕಿದರೆ ಪಕ್ಕದಲ್ಲೇ ಇನ್ನೊಂದು ಕಂಪನಿ. ಆ ಕಡೆ ಅವರ ಮೈಕು, ಈ ಕಡೆ ನಮ್ಮ ಜನರೇಟರ್, ಹೊರಗೆ ಮಿರ್ಚಿ ಅಂಗಡಿಯವನ ಕೂಗು. ಇಷ್ಟರ ನಡುವೆ ಕೊನೇ ಸಾಲಿನಲ್ಲಿ ಕೂತ ಅಜ್ಜಿಗೆ ನನ್ನ ಅಳು ಮುಟ್ಟಬೇಕು. ಕಣ್ಣು ಅರಳಿಸಿ, ಕೈ ಎತ್ತಿ, ಮಾತು ಎಳೆದು ಹೇಳಬೇಕು. ಅದನ್ನೇ ಹೊತ್ತುಕೊಂಡು ಸೀರಿಯಲ್ ಸೆಟ್‌ಗೆ ಹೋದೆ.

ಮೊದಲ ದಿನ, ಮೊದಲ ಶಾಟ್. ಗಂಡನ ಕೆಲಸ ಹೋಯಿತು ಅನ್ನುವ ಸುದ್ದಿ ಕೇಳಿಸಿಕೊಳ್ಳಬೇಕು, ಅಷ್ಟೇ. ನಾನು ಎದೆ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಹೋದೆ. ಫೋಕಸ್ಸೇ ಹೋಯಿತು. ನಿಲ್ಲುವ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿರುತ್ತಾರೆ, ಅದನ್ನು ಬಿಟ್ಟು ಕದಲಬಾರದು ಅಂತ ನನಗೆ ಗೊತ್ತೇ ಇರಲಿಲ್ಲ. ಡೈರೆಕ್ಟರ್ ಬೈಯಲಿಲ್ಲ, ಪಾಪ. ಹತ್ತಿರ ಬಂದು, ‘ಅಮ್ಮಾ, ಕ್ಯಾಮೆರಾ ನಿಮ್ಮ ಮೂಗಿನ ಮುಂದೆನೇ ಇದೆ. ಏನೂ ಮಾಡಬೇಡಿ, ಸುಮ್ನೆ ಯೋಚನೆ ಮಾಡಿ ಸಾಕು’ ಎಂದರು. ಏಳನೇ ಟೇಕ್‌ಗೆ ಓಕೆ ಆಯಿತು. ಅವತ್ತು ರಾತ್ರಿ ಪಿಜಿಯ ಬಾತ್‌ರೂಮಿನಲ್ಲಿ ಕನ್ನಡಿ ಮುಂದೆ ನಿಂತು, ಹುಬ್ಬು ಅಲ್ಲಾಡಿಸದೆ ಅಳುವುದು ಹೇಗೆ ಅಂತ ಪ್ರಾಕ್ಟೀಸ್ ಮಾಡಿದೆ. ನಗಬೇಡಿ.

ಡೈಲಾಗ್ ಬಾಯಿಪಾಠಕ್ಕೆ ಟೈಮ್ ಇರುವುದಿಲ್ಲ. ಸೀನ್ ಪೇಪರ್ ಎಷ್ಟೋ ಸಲ ಅದೇ ಬೆಳಿಗ್ಗೆ ಕೈಗೆ ಬರುತ್ತದೆ. ಕ್ಯಾಮೆರಾ ಪಕ್ಕ ಒಬ್ಬರು ನಿಂತು ಮಾತು ಓದುತ್ತಾರೆ, ನಾವು ಕೇಳಿಕೊಂಡು ಹೇಳಬೇಕು. ಕಂಪನಿಯಲ್ಲಿ ಪರದೆ ಹಿಂದಿನಿಂದ ಮಾತು ಹೇಳಿಕೊಡುವುದು ರೂಢಿ ಇದ್ದದ್ದರಿಂದ ನನಗೆ ಇದೊಂದು ಸಲೀಸಾಯಿತು. ನಿಮ್ಮ ಮಗಳಿಗೂ ಆಗುತ್ತದೆ.

ಭಾಷೆ ವಿಷಯ ಮಾತ್ರ ಈಗಲೂ ಹೊಟ್ಟೆ ಉರಿಸುತ್ತದೆ. ‘ಬಂದಾಳ’ ಅಂದರೆ ಕಟ್. ‘ಬಂದಿದ್ದಾಳೆ’ ಅನ್ನಬೇಕು. ಸರಿ, ಕಲಿತೆ. ಆದರೆ ನಮ್ಮ ಕಡೆಯ ಮಾತು ಬೇಕಾದಾಗ ಯಾವ ಪಾತ್ರ ಕೊಡುತ್ತಾರೆ ಗೊತ್ತಾ? ಮನೆಕೆಲಸದವಳು, ಇಲ್ಲವೇ ನಗಿಸುವ ಅತ್ತೆ. ಮನೆಯೊಡತಿ ಯಾವತ್ತೂ ಬಳ್ಳಾರಿ ಕನ್ನಡ ಆಡುವುದಿಲ್ಲ.

ಬಟ್ಟೆ ಯಾರದು ಅಂತ ಮೊದಲೇ ಕೇಳಿಬಿಡಿ. ನನಗೆ ‘ನಿಮ್ಮದೇ ತನ್ನಿ’ ಎಂದಿದ್ದರು. ಮೊದಲ ತಿಂಗಳಿಗೇ 12 ಸೀರೆ, ಅದಕ್ಕೆ ಹೊಂದುವ ಬ್ಲೌಸು. ಒಂದು ಸೀನ್ ಅರ್ಧ ತೆಗೆದು ಇನ್ನರ್ಧ ಮುಂದಿನ ವಾರ ತೆಗೆಯುತ್ತಾರೆ. ಅದೇ ಸೀರೆ, ಅದೇ ಓಲೆ, ಅದೇ ಬಳೆ ಇರಬೇಕು. ಒಮ್ಮೆ ಹಸಿರು ಬಳೆ ಪಿಜಿಯಲ್ಲೇ ಮರೆತು ಹೋಗಿ, ಇಡೀ ಸೀನ್ ಎರಡೂ ಕೈ ಸೆರಗಿನಲ್ಲಿ ಮುಚ್ಚಿಕೊಂಡೇ ಮಾಡಿದ್ದೇನೆ. ನೋಡಿದವರು ತುಂಬಾ ವಿನಯದ ಸೊಸೆ ಅಂದರು.

ಸೀರಿಯಲ್ ನಿಂತರೆ ಏನು ಅಂತ ಕೇಳಿದ್ದೀರಿ. ಟಿಆರ್‌ಪಿ ನಂಬರು ಬರುವ ದಿನ ಸೆಟ್‌ನಲ್ಲಿ ಎಲ್ಲರ ಮುಖ ಬೇರೆಯೇ ಇರುತ್ತದೆ. ಎರಡು ತಿಂಗಳು ಸತತ ಕೆಳಗೆ ಬಂತು. ಒಂದು ದಿನ ಊಟದ ಹೊತ್ತಿಗೆ ಮ್ಯಾನೇಜರ್ ಬಂದು ಮುಂದಿನ ವಾರ ಮುಗಿಸುತ್ತಿದ್ದೇವೆ ಎಂದರು. ಕಥೆಯಲ್ಲಿ ನನ್ನನ್ನು ದುಬೈಗೆ ಕಳಿಸಿದರು. ನಾನು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬಳ್ಳಾರಿಗೆ ಬಂದೆ.

ಆಮೇಲೆ ಎಂಟು ತಿಂಗಳು ಫೋನೇ ಬರಲಿಲ್ಲ. ಬಂದ ಮೊದಲ ಫೋನು ಸಿರುಗುಪ್ಪ ಕಡೆಯ ಒಂದು ಹಳ್ಳಿಯದು. ಊರಿನ ಗಂಡಸರು ಸೇರಿ ‘ರಕ್ತರಾತ್ರಿ’ ಆಡುತ್ತಿದ್ದರು, ದ್ರೌಪದಿಗೆ ಬರುತ್ತೀರಾ ಎಂದರು. ಕಂದಗಲ್ ಹನುಮಂತರಾಯರ ಆ ನಾಟಕ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ. ಭೀಮನ ಪಾತ್ರದವನು ಟ್ರ್ಯಾಕ್ಟರ್ ಡ್ರೈವರ್, ಅಶ್ವತ್ಥಾಮ ಕಿರಾಣಿ ಅಂಗಡಿಯವನು. ನಾಟಕ ಕಲಿಸುವ ಮಾಸ್ತರು ಪೇಟಿ, ಅಂದರೆ ಹಾರ್ಮೋನಿಯಂ, ಹಿಡಿದು ಎರಡು ತಿಂಗಳು ತಾಲೀಮು ಮಾಡಿಸಿದ್ದರು. ನಾನು ಹಿಂದಿನ ದಿನ ಹೋಗಿ ಒಂದು ರಿಹರ್ಸಲ್ ಕೊಟ್ಟೆ. ಮಕ್ಕಳು ಸತ್ತಿದ್ದಾರೆ ಅಂತ ದ್ರೌಪದಿಗೆ ಗೊತ್ತಾಗುವ ಹೊತ್ತಿಗೆ ಬೆಳಗಿನ ಮೂರು ಗಂಟೆ. ಅಲ್ಲಿ ನಾನು ಕೂಗಲಿಲ್ಲ. ಸೆಟ್‌ನಲ್ಲಿ ಕಲಿತ ಹಾಗೆ ಸುಮ್ಮನೆ ನಿಂತೆ, ಒಂದು ನಿಮಿಷ ಇರಬಹುದು. ಜನ ಗಪ್ ಆದರು. ಆಮೇಲೆ ಗಂಟಲು ಬಿಚ್ಚಿದೆ. ಆಯೇರಿ ಮಾಡಲು, ಅಂದರೆ ಮೆಚ್ಚಿ ಉಡುಗೊರೆ ಕೊಡಲು, ಬಂದವರ ಹೆಸರು ಮೈಕಿನಲ್ಲಿ ಕೂಗಿ ಮುಗಿಸುವುದಕ್ಕೇ ಕಾಲು ಗಂಟೆ ಹಿಡಿಯಿತು. ನನ್ನನ್ನು ‘ಟೀವಿ ಕಲಾವಿದೆ’ ಅಂತ ಕರೆದರು. ಆ ಹೆಸರಿನಿಂದಲೇ ಒಂದು ರಾತ್ರಿಯ ರೇಟು ಮೊದಲಿನ ಎರಡರಷ್ಟಾಯಿತು. ಟೀವಿ ಹೆಸರು ಕೊಟ್ಟಿತು, ಅನ್ನ ಕೊಟ್ಟದ್ದು ನಾಟಕ.

ಅವರಪ್ಪನಿಗೂ ಒಂದು ಮಾತು. ಮನೆತನದ ಹೆಣ್ಣುಮಕ್ಕಳು ಬಣ್ಣ ಹಚ್ಚುವುದಾ ಅಂತ ಅವರ ಚಿಂತೆ ಇರಬಹುದು. ನಿಮ್ಮ ಮಗಳು ನಾಟಕ ಮಾಡಿದ ಕಲಾಮಂದಿರಕ್ಕೆ ಯಾರ ಹೆಸರಿದೆ ನೋಡಿ. ಬಳ್ಳಾರಿ ರಾಘವರು ವಕೀಲರಾಗಿದ್ದವರು. ಗಂಡಸರು ಸೀರೆ ಉಟ್ಟು ಹೆಣ್ಣು ಪಾತ್ರ ಮಾಡುತ್ತಿದ್ದ ಕಾಲದಲ್ಲೇ, ಹೆಣ್ಣು ಪಾತ್ರಕ್ಕೆ ಹೆಣ್ಣುಮಕ್ಕಳೇ ಬರಲಿ ಎಂದವರು. ಸುಭದ್ರಮ್ಮ ಮನ್ಸೂರು ಇದೇ ಊರಲ್ಲಿದ್ದವರಲ್ವಾ? 2020ರಲ್ಲಿ ತೀರಿಕೊಂಡರು. ಅವರ ದ್ರೌಪದಿಯನ್ನು ನೋಡಿದ ಹಿರಿಯರು ಇನ್ನೂ ಇದ್ದಾರೆ, ಅವರ ಮುಂದೆ ನಮ್ಮದೆಲ್ಲ ಏನೂ ಅಲ್ಲ. ಸಿನಿಮಾದ ಜಯಂತಿಯವರು ಹುಟ್ಟಿದ್ದೂ ಬಳ್ಳಾರಿಯಲ್ಲೇ, 1945ರಲ್ಲಿ. ‘ಜೇನುಗೂಡು’ ಚಿತ್ರಕ್ಕೆ ಬಂದಾಗ ಅವರಿನ್ನೂ ಹದಿಹರೆಯ ದಾಟಿರಲಿಲ್ಲ.

ಸಿಂಧನೂರಿನಿಂದ

ನನ್ನ ತಂಗಿ ನಾಲ್ಕು ವರ್ಷದಿಂದ ಸೀರಿಯಲ್‌ನಲ್ಲಿದ್ದಾಳೆ. ಅವಳ ಲೆಕ್ಕ ನೋಡುವವನು ನಾನು. ದುಡ್ಡಿನದ್ದು ಹೇಳುತ್ತೇನೆ.

ಸಂಬಳ ಅಂತ ಇರುವುದಿಲ್ಲ, ದಿನದ ಲೆಕ್ಕ. 15 ದಿನ ಎಂದರೆ 15 ದಿನ ಕರೆದೇ ಕರೆಯುತ್ತಾರೆ ಅಂತಲ್ಲ. ಕಥೆ ಬೇರೆ ಕಡೆ ತಿರುಗಿದರೆ ತಂಗಿ ಪಾತ್ರಕ್ಕೆ ಆರು ದಿನ ಬಂದರೆ ಹೆಚ್ಚು. ಕನಿಷ್ಠ ಎಷ್ಟು ದಿನ ಅಂತ ಅಗ್ರಿಮೆಂಟಿನಲ್ಲಿ ಬರೆಸಿ. ಮಾಡಿದ ಕೆಲಸದ ದುಡ್ಡು ಕೂಡಲೇ ಬರುವುದಿಲ್ಲ. ನಮಗೆ ಜನವರಿಯದು ಏಪ್ರಿಲ್‌ನಲ್ಲಿ ಬಂತು. ಅಂದರೆ ಮೊದಲ ಮೂರು ತಿಂಗಳ ಬಾಡಿಗೆ, ಊಟ, ಓಡಾಟ ಎಲ್ಲ ನಿಮ್ಮ ಕೈಯಿಂದ. ಕೊಡುವಾಗ 10 ಪರ್ಸೆಂಟ್ ಟಿಡಿಎಸ್, ಅಂದರೆ ಆದಾಯ ತೆರಿಗೆಯ ಲೆಕ್ಕಕ್ಕೆ ಮೊದಲೇ ಮುರಿಯುವ ದುಡ್ಡು, ಹಿಡಿದು ಕೊಡುತ್ತಾರೆ. ತುಂಬಾ ಜನ ಅದು ಹೋಯಿತು ಅಂತ ಬಿಟ್ಟುಬಿಡುತ್ತಾರೆ. ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ಸ್ ಹಾಕಿ, ವಾಪಸ್ ಬರುತ್ತದೆ. ಮಗಳು ಬಿಕಾಂ ಅಲ್ವಾ, ಅವಳೇ ಹಾಕಬಹುದು.

ಅಗ್ರಿಮೆಂಟ್ ಇಂಗ್ಲಿಷ್‌ನಲ್ಲಿರುತ್ತದೆ. ‘ಬೇರೆಲ್ಲೂ ನಟಿಸುವಂತಿಲ್ಲ’ ಅನ್ನುವ ಸಾಲು ಹುಡುಕಿ. ಬೇರೆ ಚಾನೆಲ್ ಬೇಡ ಅನ್ನುವುದು ಸರಿ. ಅದರಲ್ಲಿ ನಾಟಕವೂ ಸೇರಿತಾ ಕೇಳಿ. ನಾವು ಕೇಳಿದ್ದಕ್ಕೆ ‘ರಂಗಭೂಮಿ ಬಿಟ್ಟು’ ಅಂತ ಸೇರಿಸಿಕೊಟ್ಟರು. ಕೇಳದಿದ್ದರೆ ಸೇರಿಸುತ್ತಿರಲಿಲ್ಲ.

ಇನ್ನೊಂದು, ಲೈಂಗಿಕ ಕಿರುಕುಳ ಕೊಟ್ಟರೆ ದೂರು ಯಾರಿಗೆ ಅಂತ ಮೊದಲ ದಿನವೇ ತಿಳಿದುಕೊಳ್ಳಲಿ. ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡುವ ಕಡೆ ಇಂಥ ದೂರು ಕೇಳಲು ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾನೂನೇ ಇದೆ. ಸೆಟ್‌ನಲ್ಲಿ ಐವತ್ತು ಜನ ಇರುತ್ತಾರೆ.

ಗಂಗಾವತಿಯಿಂದ

ಪಾತ್ರ ಕೊಡುತ್ತೇವೆ, ಮೊದಲು ಪೋರ್ಟ್‌ಫೋಲಿಯೊ ಫೋಟೋಗಳಿಗೆ, ಕಲಾವಿದರ ಕಾರ್ಡಿಗೆ ದುಡ್ಡು ಕಟ್ಟಿ ಅಂದರೆ ಓಡಿ ಬನ್ನಿ. ನಾನು 40 ಸಾವಿರ ಕಳೆದುಕೊಂಡಿದ್ದೇನೆ. ಕೋಆರ್ಡಿನೇಟರ್ ಅಂತ ಹೇಳಿಕೊಂಡಿದ್ದ, ಈಗ ಆ ನಂಬರ್ ಚಾಲ್ತಿಯಲ್ಲಿಲ್ಲ. ಇಷ್ಟೇ ನನ್ನ ಅನುಭವ.

ಕೊಪ್ಪಳದಿಂದ

ನಾನು ಪೇಟಿ ನುಡಿಸುವವನು. ಹಳ್ಳಿ ನಾಟಕ ಕಲಿಸಲು ಶುರು ಮಾಡಿ ಮೂವತ್ತು ವರ್ಷ ದಾಟಿತು. ಕೌಲ್‌ಬಜಾರ್ ತಂಗಿ ಹೇಳಿದ್ದು ಒಪ್ಪುತ್ತೇನೆ, ಪೂರ್ತಿ ಅಲ್ಲ. ಹಳ್ಳಿ ನಾಟಕದ ಸೀಸನ್ ಸುಗ್ಗಿ ಮುಗಿದ ಮೇಲೆ, ಜಾತ್ರೆಗಳ ಹೊತ್ತಿಗೆ. ಮಳೆ ಶುರುವಾದರೆ ಕೈ ಖಾಲಿ. ಬೆಳೆ ಹೋದ ವರ್ಷ ಊರವರು ನಾಟಕವನ್ನೇ ಬಿಡುತ್ತಾರೆ. ಬರೀ ಅದನ್ನು ನೆಚ್ಚಿಕೊಂಡು ಬದುಕಲು ಆಗುವುದಿಲ್ಲ. ರಾತ್ರಿಯೆಲ್ಲ ಆಡಿ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಬಣ್ಣ ಒರೆಸಿಕೊಳ್ಳುತ್ತಾ ಕೂತ ಎಷ್ಟು ಹೆಣ್ಣುಮಕ್ಕಳನ್ನು ನೋಡಿದ್ದೇನೆ. 58 ದಾಟಿದ ಮೇಲೆ ಸರ್ಕಾರದ ಮಾಸಾಶನ ಇದೆ, ನಿಜ. ಅದಕ್ಕೆ ಆಡಿದ ನಾಟಕಗಳ ದಾಖಲೆ ಬೇಕು. ಅದಕ್ಕೇ ಹೇಳುತ್ತೇನೆ, ಕರಪತ್ರ, ಪೇಪರ್ ಕಟಿಂಗ್ ಒಂದನ್ನೂ ಬಿಸಾಡಬೇಡಿ. ನಮ್ಮವರು ಅದರಲ್ಲಿ ಮಂಡಕ್ಕಿ ಕಟ್ಟಿಸಿಕೊಂಡು ಬಿಡುತ್ತಾರೆ.

ನನ್ನನ್ನು ಕೇಳಿದರೆ ಮೊದಲು ಒಂದು ವರ್ಷ ಕಲಿಯಲಿ. ಹೆಗ್ಗೋಡಿನ ನೀನಾಸಂನಲ್ಲಿ 1980ರಿಂದ ರಂಗಶಿಕ್ಷಣ ನಡೆದಿದೆ. ಮೈಸೂರಿನ ರಂಗಾಯಣದಲ್ಲೂ ಕಲಿಸುತ್ತಾರೆ. ಸೀರಿಯಲ್ ಎಲ್ಲಿಗೂ ಓಡಿಹೋಗುವುದಿಲ್ಲ.

ಕೌಲ್‌ಬಜಾರ್‌ನಿಂದ

ಮಾಸ್ತರ್, ಸೀರಿಯಲ್ ಓಡಿಹೋಗುವುದಿಲ್ಲ, ತಂಗಿ ಪಾತ್ರದ ವಯಸ್ಸು ಓಡಿಹೋಗುತ್ತದೆ! ನನಗೆ 31ಕ್ಕೇ ತಾಯಿ ಪಾತ್ರ ಕೊಟ್ಟರು. ಮಗನಾಗಿದ್ದವನು ನನಗಿಂತ ಎರಡೇ ವರ್ಷ ಚಿಕ್ಕವನು. ಕಲಿಯುವುದು ಬೇಡ ಅಂತಲ್ಲ, ಈ ಸೀರಿಯಲ್ ಮುಗಿದ ಮೇಲೂ ಹೆಗ್ಗೋಡಿಗೆ ಹೋಗಬಹುದು. ವಯಸ್ಸಾದರೆ ಕಥೆ ಮುಗಿಯಿತು ಅಂತಲೂ ಹೆದರಿಸಬೇಡಿ. ಉಮಾಶ್ರೀಯವರನ್ನು ನೋಡಿ. ‘ಒಡಲಾಳ’ ನಾಟಕದ ಸಾಕವ್ವನಾಗಿ ಅಷ್ಟು ಹೆಸರು ಮಾಡಿದವರಿಗೆ ಸಿನಿಮಾದಲ್ಲಿ ಎಷ್ಟೋ ವರ್ಷ ನಗಿಸುವ ಪಾತ್ರಗಳನ್ನೇ ಕೊಟ್ಟರು. ಆಮೇಲೆ ‘ಗುಲಾಬಿ ಟಾಕೀಸ್’ಗೆ ರಾಷ್ಟ್ರ ಪ್ರಶಸ್ತಿ. 2021ರಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾದಾಗ ಅವರಿಗೆ 64. ಇಡೀ ಸೀರಿಯಲ್ ಅವರ ಹೆಸರಿನ ಮೇಲೆಯೇ ನಿಂತಿತ್ತು.

ಕೇಳಿದ ತಾಯಿ, ಬಳ್ಳಾರಿ

ಎಲ್ಲರದ್ದೂ ಅವರಪ್ಪನಿಗೆ ಓದಿ ಹೇಳಿದೆ. ರಾಘವರ ಮಾತಿಗೆ ಏನೂ ಅನ್ನಲಿಲ್ಲ. ಟಿಡಿಎಸ್ ಬಂದಾಗ ಎದ್ದು ಕೂತರು, ‘ಅಗ್ರಿಮೆಂಟ್ ನಾನು ನೋಡುತ್ತೇನೆ’ ಎಂದರು. ಹೋದ ವರ್ಷದ ಕರಪತ್ರಗಳನ್ನು ಬೀರುವಿನಿಂದ ತೆಗೆದು ಫೈಲ್ ಮಾಡಿದ್ದೇನೆ. ಒಂದು ಮಾತ್ರ ಸಿಗಲಿಲ್ಲ. ಮಾಸ್ತರು ಹೇಳಿದ ಹಾಗೆಯೇ ಆಗಿರಬೇಕು.

ಭಾನುವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ಗೆ ಅಪ್ಪ ಮಗಳಿಗೆ ಟಿಕೆಟ್ ಆಗಿದೆ. ಸೆಟ್ ನೋಡಿ, ನಾಟಕದ ಸಾಲು ಸೇರಿಸಿದರೆ ಮಾತ್ರ ಸಹಿ. ಬಟ್ಟೆ ನಮ್ಮದೇ ಅಂತೆ, ಫೋನ್ ಮಾಡಿ ಕೇಳಿದೆವು. ಕೌಲ್‌ಬಜಾರ್ ಅಕ್ಕಾವ್ರೇ, ಎಂಟು ಬ್ಲೌಸ್ ಇದೆ, ಶನಿವಾರದೊಳಗೆ ಹೊಲಿದು ಕೊಡುತ್ತೀರಾ? ಅಳತೆಗೆ ಹಳೇದು ಕಳಿಸುತ್ತೇನೆ.