ದಪ್ಪ ಬ್ಯಾರೆಲ್‌ನ .22 ಬೋಲ್ಟ್ ರೈಫಲ್‌ಗೆ ಯಾವ ಸ್ಕೋಪ್?

ನಾಲೆ ಬಯಲು (ಮಂಡ್ಯ):
ಎಲ್ಲರಿಗೂ ನಮಸ್ಕಾರ. ರೈಫಲ್ .22 ಎಲ್‌ಆರ್, ಬೋಲ್ಟ್ ಆ್ಯಕ್ಷನ್. ಬ್ಯಾರೆಲ್ ಬುಡದಿಂದ ತುದಿವರೆಗೂ ಒಂದೇ ದಪ್ಪ, 22 ಮಿ.ಮೀ. ರಿಸೀವರ್ (ಬೋಲ್ಟ್ ಕೂರೋ ಭಾಗ) ಮೇಲೆ ಸ್ಕೋಪ್ ಕೂರಿಸೋಕೆ 11 ಮಿ.ಮೀ. ಡವ್‌ಟೇಲ್ ಪಟ್ಟಿ ಇದೆ. ಕ್ಲಬ್ ರೇಂಜ್‌ನಲ್ಲಿ 50 ಮೀಟರ್ ಕಾಗದದ ಗುರಿಗೆ ಮಾತ್ರ ಬಳಕೆ, ಮಲಗಿ ಹೊಡೆಯೋದೇ ಹೆಚ್ಚು, ಮೇಜಿನ ಮೇಲೆ ಆಗೊಮ್ಮೆ ಈಗೊಮ್ಮೆ. ಎರಡು ಸ್ಕೋಪ್ ಕಣ್ಣಲ್ಲಿವೆ. ಒಂದು 3-9×40 (3ರಿಂದ 9 ಪಟ್ಟು, ಮುಂದಿನ ಗಾಜು 40 ಮಿ.ಮೀ.), ಪ್ಯಾರಲಾಕ್ಸ್ (ಕಣ್ಣು ಜರುಗಿದ್ರೆ ಸ್ಕೋಪಿನೊಳಗಿನ ಗೆರೆ ಗುರಿಯಿಂದ ಜಾರಿದ ಹಾಗೆ ಕಾಣೋ ದೋಷ) ಹೊಂದಿಸೋಕೆ ಏನೂ ಇಲ್ಲ. ಇನ್ನೊಂದು 6-24×50, ಮುಂದಿನ ಗಾಜಿನ ಸುತ್ತ ತಿರುಗಿಸೋ ಬಳೆ ಇದೆ. ಯಾವುದು ಸರಿ? ಸ್ಕೋಪ್ ಹಿಡಿಯೋ ರಿಂಗ್ ಎಷ್ಟು ಎತ್ತರದ್ದು ಬೇಕು? 20 ಎಂಒಎ (ಒಂದು ಎಂಒಎ ಅಂದ್ರೆ ಡಿಗ್ರಿಯ ಅರವತ್ತರಲ್ಲೊಂದು ಪಾಲು) ಇಳಿಜಾರಿನ ರೈಲ್ ಹಾಕಿಸಲೇಬೇಕು ಅಂತಾರಲ್ಲ, ನಿಜವಾ?

ಚಾಮುಂಡಿ ತಪ್ಪಲು (ಮೈಸೂರು):
ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದನ್ನ ಆಮೇಲೆ ನೋಡಿ ಸರ್, ಮೊದಲು ಪ್ಯಾರಲಾಕ್ಸ್ ನೋಡಿ. ಹೊಂದಿಸೋಕೆ ಬಾರದ ಸಾಮಾನ್ಯ ಸ್ಕೋಪ್‌ಗಳನ್ನ ಕಾರ್ಖಾನೆಯಲ್ಲೇ 100 ಗಜಕ್ಕೆ, ಅಂದ್ರೆ 91 ಮೀಟರ್‌ಗೆ ಕೂರಿಸಿರ್ತಾರೆ. ಗುರಿ 50 ಮೀಟರ್‌ನಲ್ಲಿದ್ದು ಕಣ್ಣು ಮಧ್ಯದಿಂದ ಜರುಗಿದರೆ ಗೆರೆ ಗುರಿಯ ಮೇಲೆ ತೇಲಾಡುತ್ತೆ. 40 ಮಿ.ಮೀ. ಗಾಜಿಗೆ ಲೆಕ್ಕ ಹೀಗೆ: ಗಾಜಿನ ಅರ್ಧ 20, ದೂರದ ವ್ಯತ್ಯಾಸ 41, ಎರಡನ್ನೂ ಗುಣಿಸಿ 91ರಿಂದ ಭಾಗಿಸಿ. ಹೆಚ್ಚೆಂದರೆ 9 ಮಿ.ಮೀ. ತಪ್ಪು. 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತರ ವೃತ್ತದ ಅಗಲವೇ 10.4 ಮಿ.ಮೀ. ಬ್ಯಾರೆಲ್ ಎಷ್ಟು ಒಳ್ಳೆಯದಾದರೂ ಕೆನ್ನೆ ಕೂರೋದ್ರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಅಂಕ ಹೋಯ್ತು.

ಹಾಗಾಗಿ ಆ 3-9 ಬೇಡ. ಬಳೆ ಇರೋದನ್ನೇ ತಗೊಳ್ಳಿ, ಆದ್ರೆ ಬಳೆಯ ಮೇಲಿನ ಅಂಕಿ ನಂಬಬೇಡಿ. ರೈಫಲ್ ಅಲುಗದ ಹಾಗೆ ಮರಳಿನ ಚೀಲದ ಮೇಲಿಟ್ಟು, ಮುಟ್ಟದೆ, ತಲೆಯನ್ನ ಮಾತ್ರ ಮೇಲೆ ಕೆಳಗೆ ಆಡಿಸಿ. ಗೆರೆ ಗುರಿಯ ಮೇಲೆ ಜಾರೋದು ನಿಲ್ಲೋ ತನಕ ಬಳೆ ತಿರುಗಿಸಿ, ಅಲ್ಲಿ ಸಣ್ಣ ಗುರುತು ಹಾಕಿ. ಇದಕ್ಕೂ ಮೊದಲು ಕಣ್ಣಿನ ಕಡೆಯ ಗಾಜನ್ನ ಬರೀ ಆಕಾಶಕ್ಕೆ ಹಿಡಿದು ಗೆರೆ ಚೂಪಾಗಿ ಕಾಣೋ ಹಾಗೆ ಹೊಂದಿಸಿಕೊಂಡಿರಬೇಕು, ಸೂರ್ಯನ ಕಡೆಗೆ ಮಾತ್ರ ತಿರುಗಿಸಬೇಡಿ. ಈ ಕ್ರಮ ತಪ್ಪಿದ್ರೆ ಚಿತ್ರ ಸ್ಪಷ್ಟವಾಗಿದ್ದೂ ಪ್ಯಾರಲಾಕ್ಸ್ ಉಳಿದಿರುತ್ತೆ.

20 ಎಂಒಎ ರೈಲ್ 50 ಮೀಟರ್‌ಗೆ ಬೇಡ. 200 ಮೀಟರ್ ಹೊಡೆಯೋರಿಗೆ ಅದು.

ಲೇತ್ ಮನೆ (ಮೈಸೂರು):
ರಿಂಗ್ ಎತ್ತರದ ಬಗ್ಗೆ ಹೇಳ್ತೀನಿ. ಸಾಮಾನ್ಯ ಬ್ಯಾರೆಲ್ ಮುಂದಕ್ಕೆ ಹೋದ ಹಾಗೆ ಸಣ್ಣ ಆಗುತ್ತೆ, ಸ್ಕೋಪಿನ ಬಾಯಿಗೆ ಜಾಗ ತಾನಾಗೇ ಸಿಗುತ್ತೆ. ನಿಮ್ಮದು ಒಂದೇ ದಪ್ಪ, ಆ ಜಾಗ ಸಿಗಲ್ಲ. ಡವ್‌ಟೇಲ್ ಮೇಲೆ ಉಕ್ಕಿನ ಸ್ಕೇಲ್ ಇಟ್ಟು ಮುಂದಕ್ಕೆ ಚಾಚಿ, ಬ್ಯಾರೆಲ್ ನೆತ್ತಿ ಎಷ್ಟು ಕೆಳಗಿದೆ ನೋಡಿ. 3 ಮಿ.ಮೀ. ಕೆಳಗಿದೆ ಅಂದುಕೊಳ್ಳಿ. 50ರ ಗಾಜಿನ ಹೊರಬಳೆ ವರ್ನಿಯರ್‌ನಲ್ಲಿ 57 ಮಿ.ಮೀ. ಬಂತು ಅನ್ನಿ, ಅರ್ಧ 28.5. ಅದರಲ್ಲಿ 3 ಕಳೆದು, ಗಾಳಿ ಸಂದಿಗೆ 3 ಸೇರಿಸಿ: ಡವ್‌ಟೇಲ್ ನೆತ್ತಿಯಿಂದ ಕೊಳವೆಯ ಮಧ್ಯಕ್ಕೆ 28.5. ಎಷ್ಟೋ ಜನ ಎಡವೋದು ಇಲ್ಲಿ: ಕೆಲವು ರಿಂಗ್‌ಗಳಿಗೆ ಎತ್ತರ ಹೇಳೋದು ಕೊಳವೆಯ ಮಧ್ಯಕ್ಕೆ, ಕೆಲವಕ್ಕೆ ಕೊಳವೆಯ ತಳಕ್ಕೆ. 30 ಮಿ.ಮೀ. ಕೊಳವೆಯಲ್ಲಿ ಎರಡಕ್ಕೂ 15 ಮಿ.ಮೀ. ಅಂತರ. ಕೇಳಿಕೊಂಡೇ ದುಡ್ಡು ಕೊಡಿ.

ಬೋಲ್ಟ್ ಹಿಡಿ ಪೂರ್ತಿ ಎತ್ತಿದಾಗ ಹಿಂದಿನ ಗಾಜಿಗೆ ತಗುಲುತ್ತಾ ಅಂತಲೂ ನೋಡಿ. ಹಾಗಂತ ಬೇಕಾದ್ದಕ್ಕಿಂತ ಎತ್ತರ ಹೋಗಬೇಡಿ, ಕೆನ್ನೆ ರೈಫಲ್ಲಿನ ಹಿಂಬದಿಯ ಮರದ ಭಾಗ ಬಿಟ್ಟು ಮೇಲೆದ್ದರೆ ಮೊದಲು ಹೇಳಿದ ಪ್ಯಾರಲಾಕ್ಸ್ ಕಾಟ ಮತ್ತೆ ಶುರು.

ನಾಲೆ ಬಯಲು:
ತುಂಬಾ ಉಪಕಾರ ಆಯ್ತು. 24 ಪಟ್ಟು ಪೂರ್ತಿ ಬಳಸೋಕೆ ಆಗುತ್ತಾ? ಕೂರಿಸೋ ಕ್ರಮವನ್ನೂ ಹೇಳ್ತೀರಾ?

ಚಾಮುಂಡಿ ತಪ್ಪಲು:
ಬೆಳಿಗ್ಗೆ ಎಂಟರೊಳಗೆ ಆಗುತ್ತೆ. ಮಾರ್ಚ್‌ನಿಂದ ಮೇ ತನಕ ನಮ್ಮ ಕಡೆ ಬಿಸಿಲು ಏರಿತು ಅಂದ್ರೆ ಬಿಸಿಲ್ಗುದುರೆಯೂ ಅಷ್ಟೇ ದೊಡ್ಡದಾಗಿ ಕಾಣುತ್ತೆ, ಕಪ್ಪು ಗುರಿ ನೀರಲ್ಲಿ ಬಿದ್ದ ಹಾಗೆ ಕುಣಿಯುತ್ತೆ. 12ಕ್ಕೋ 16ಕ್ಕೋ ಇಳಿಸಿ. ಬೆಳಕಿನ ಮಾತೂ ಇದೆ: 50ನ್ನ 24ರಿಂದ ಭಾಗಿಸಿದ್ರೆ ಕಣ್ಣಿಗೆ ಬರೋ ಬೆಳಕಿನ ಚಕ್ರ 2 ಮಿ.ಮೀ. ಮಾತ್ರ, 12ರಲ್ಲಿ 4 ಮಿ.ಮೀ. ಮಲಗಿ ಹೊಡೆಯುವಾಗ ಎರಡನೆಯದು ಎಷ್ಟೋ ಆರಾಮ.

ಲೇತ್ ಮನೆ:
24 ಪಟ್ಟನ್ನ ಪೂರ್ತಿ ತಳ್ಳಿಹಾಕೋದು ನಾನು ಒಪ್ಪಲ್ಲ. ಮೇಜಿನ ಮೇಲೆ ಚೀಲ ಇಟ್ಟು ಹೊಡೆಯೋರಿಗೆ ಗಾಳಿ ನೋಡೋಕೆ ಆ ಬಿಸಿಲ್ಗುದುರೆಯೇ ಸಾಕ್ಷಿ, ಅದು ಯಾವ ಕಡೆ ಹರೀತಿದೆ ಅನ್ನೋದು ಹೆಚ್ಚು ಪಟ್ಟಿನಲ್ಲೇ ಕಾಣೋದು. ಮಲಗಿ ಹೊಡೆಯೋಕೆ 12 ಸರಿ.

ಕೂರಿಸೋ ಕ್ರಮ. ಬೋಲ್ಟ್ ತೆಗೆದು, ಚೇಂಬರ್ ಖಾಲಿ ಇದೆ ಅಂತ ಕಣ್ಣಲ್ಲೂ ಬೆರಳಲ್ಲೂ ಖಚಿತ ಮಾಡ್ಕೊಳ್ಳಿ. ಡವ್‌ಟೇಲ್ ಮತ್ತು ರಿಂಗ್‌ನ ಎಣ್ಣೆ ಒರೆಸಿ. ಸ್ಕೋಪನ್ನ ಸಡಿಲವಾಗಿ ಇಟ್ಟು, ಅತಿ ಹೆಚ್ಚು ಪಟ್ಟಿನಲ್ಲಿ, ನೀವು ಮಲಗೋ ಭಂಗಿಯಲ್ಲೇ ಹಿಂದೆ ಮುಂದೆ ಸರಿಸಿ ನೋಡಿ. ಕೂತು ಹೊಂದಿಸಿದ್ರೆ ಮಲಗಿದಾಗ ತಲೆ ಮುಂದೆ ಹೋಗಿ ಅಂಚಲ್ಲಿ ಕಪ್ಪು ಬರುತ್ತೆ.

ಆಮೇಲೆ ಗೆರೆ ನೆಟ್ಟಗೆ ಮಾಡೋದು. ಗಾರೆ ಕೆಲಸದವರ ತೂಗುಗುಂಡನ್ನ ದೂರದಲ್ಲಿ ನೇತುಹಾಕಿ, ರೈಫಲ್ ಮಟ್ಟಸವಾಗಿಟ್ಟು, ನಿಂತ ಗೆರೆಯನ್ನ ಆ ದಾರಕ್ಕೆ ಕೂರಿಸಿ. ಸಬ್‌ಸಾನಿಕ್ (ಶಬ್ದಕ್ಕಿಂತ ನಿಧಾನದ) .22 ಗುಂಡು 50 ಮೀಟರ್ ಹೋಗೋಷ್ಟರಲ್ಲಿ ಸುಮಾರು 12 ಸೆಂ.ಮೀ. ಬೀಳುತ್ತೆ. ಒಂದೊಂದು ಸಲ ಒಂದೊಂದು ಥರ ರೈಫಲ್ ವಾಲಿಸಿ ಹಿಡಿದ್ರೆ, 5 ಡಿಗ್ರಿಗೆ ಗುಂಡು 1 ಸೆಂ.ಮೀ. ಅಷ್ಟು ಪಕ್ಕಕ್ಕೆ ಹೋಗುತ್ತೆ. ನೆಟ್ಟಗಿರೋ ಗೆರೆ ಅದನ್ನ ಕಣ್ಣಿಗೆ ತೋರಿಸಿಕೊಡುತ್ತೆ.

ರಿಂಗ್ ಮೇಲಿನ ಸ್ಕ್ರೂಗಳನ್ನ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಸಿ, ಎರಡೂ ಬದಿಯ ಸಂದಿ ಒಂದೇ ಸಮ ಇರಲಿ. ರಿಂಗ್ ಜೊತೆ ಬಂದ ಚೀಟಿಯಲ್ಲಿ ಟಾರ್ಕ್ ಕೊಟ್ಟಿದ್ರೆ ಅಷ್ಟೇ. ಕೈಬಲ ತೋರಿಸಿದ್ರೆ ಕೊಳವೆ ಅಮುಕಿ, ಪಟ್ಟು ಬದಲಿಸೋ ಬಳೆ ಬಿಗಿಯಾಗುತ್ತೆ.

ಚಾಮುಂಡಿ ತಪ್ಪಲು:
ಜೀರೋ ಮಾಡೋಕೆ (ಗೆರೆ ಇಟ್ಟ ಕಡೆಗೇ ಗುಂಡು ಬೀಳೋ ಹಾಗೆ ಹೊಂದಿಸೋಕೆ) ಮೊದಲು 25 ಮೀಟರ್, ಆಮೇಲೆ 50. ಒಂದು ಗುಂಡು ನೋಡಿ ಸ್ಕೋಪಿನ ತಿರುಪು ತಿರುಗಿಸಬೇಡಿ, ಐದು ಹೊಡೆದು ಗುಂಪಿನ ಮಧ್ಯ ಹಿಡೀರಿ. ಕಾಲು ಎಂಒಎ ಸ್ಕೋಪಿನಲ್ಲಿ 50 ಮೀಟರ್‌ಗೆ ಒಂದು ಕ್ಲಿಕ್ 3.6 ಮಿ.ಮೀ., 25ರಲ್ಲಿ ಅದರ ಅರ್ಧ. ಗುಂಪು 22 ಮಿ.ಮೀ. ಎಡಕ್ಕಿದ್ರೆ ಬಲಕ್ಕೆ 6 ಕ್ಲಿಕ್. ಜೀರೋ ಆದ ಮೇಲೆ 20 ಮೇಲೆ, 20 ಬಲ, 20 ಕೆಳಗೆ, 20 ಎಡ ಅಂತ ಒಂದು ಚೌಕ ಹೊಡೆದು ನೋಡಿ. ಕೊನೆಯ ಗುಂಪು ಮೊದಲನೆಯದರ ಮೇಲೆ ಬಂದು ಕೂರದಿದ್ರೆ, ಡವ್‌ಟೇಲ್ ಹಿಡಿತ ಸಡಿಲವಾಗಿದೆಯಾ ಅಂತ ನೋಡಿ. ಅದು ಗಟ್ಟಿ ಇದ್ದೂ ತಪ್ಪಿದ್ರೆ ಸ್ಕೋಪ್ ವಾಪಸ್ ಕೊಡಿ.

ಒಂದು ಮಾತು, ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್ ನಡೆಯಲ್ಲ, ರಂಧ್ರದ ಸೈಟೇ (ಡಯಾಪ್ಟರ್) ಬೇಕು. ಆ ಕಡೆ ಹೋಗೋ ಮನಸ್ಸಿದ್ರೆ ಈ ದುಡ್ಡನ್ನ ಒಳ್ಳೆ ಡಯಾಪ್ಟರ್ ಸೈಟ್‌ಗೆ ಹಾಕಿ.