ಕ್ಯಾಶ್‌ಲೆಸ್ ಕಾಗದ ಕಳಿಸುವಾಗ ರೋಗಿಯ ಗುಟ್ಟು ಉಳಿಸೋದು ಹೇಗೆ? ಕೊಡಗಿನವರ ಅನುಭವ

ಕೇಳಿದವರು: ಗೋಣಿಕೊಪ್ಪ ಹತ್ತಿರದ ನರ್ಸಿಂಗ್ ಹೋಮ್, ಇನ್ಶೂರೆನ್ಸ್ ಡೆಸ್ಕ್

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ನರ್ಸಿಂಗ್ ಹೋಮ್. ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ನಾನೊಬ್ಬಳೇ. ಕ್ಯಾಶ್‌ಲೆಸ್ ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟೋದು. ಅದಕ್ಕೆ ಪ್ರೀ-ಆಥ್ (ಮುಂಗಡ ಒಪ್ಪಿಗೆ) ಫಾರ್ಮ್, ಸ್ಕ್ಯಾನ್ ರಿಪೋರ್ಟ್, ಆಧಾರ್ ಎಲ್ಲ ಟಿಪಿಎ (ವಿಮಾ ಕಂಪನಿ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಪೋರ್ಟಲ್‌ಗೆ ಹಾಕೋದು ನನ್ನ ಕೆಲಸ. ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್ಟೂ ಹೋಗುತ್ತದೆ. ಆಗ ಕಾಗದದ ಫೋಟೋ ತೆಗೆದು ಸ್ವಂತ ಫೋನಿನ ವಾಟ್ಸಾಪ್‌ನಲ್ಲಿ ಕಳಿಸೋದು ಇಲ್ಲಿ ಮೊದಲಿಂದ ನಡೆದುಕೊಂಡು ಬಂದಿದೆ. ಈಗ ಹೊಸ ಡೇಟಾ ಕಾನೂನು ಬಂದಿದೆ, ದಂಡ 250 ಕೋಟಿ ಅಂತ ಯಾರೋ ನಮ್ಮ ಡಾಕ್ಟರಿಗೆ ಹೇಳಿ ಹೆದರಿಸಿದ್ದಾರೆ. ನಮ್ಮಂಥವರು ನಿಜವಾಗಿ ಏನು ಮಾಡಬೇಕು?

ಮಡಿಕೇರಿಯಿಂದ, ಇದೇ ಕೆಲಸದಲ್ಲಿ ತಲೆ ನರೆತವರು

ಮೊದಲು ಆ 250 ಕೋಟಿ ವಿಷಯ. ಅದು ಗರಿಷ್ಠ ಮಿತಿ ಅಮ್ಮ, ಎಲ್ಲರಿಗೂ ಹಾಕುವ ದಂಡ ಅಲ್ಲ. ಮಾಹಿತಿ ಕಾಪಾಡಲು ತಕ್ಕ ಎಚ್ಚರಿಕೆ ವಹಿಸದೆ ಅದು ಸೋರಿಹೋದರೆ ಅಷ್ಟರವರೆಗೆ ಹಾಕಬಹುದು. ತಪ್ಪು ಎಷ್ಟು ದೊಡ್ಡದು, ಎಷ್ಟು ಕಾಲ ನಡೆಯಿತು ಎಂದೆಲ್ಲ ನೋಡಿ ಮೊತ್ತ ನಿರ್ಧರಿಸುತ್ತಾರೆ. ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆ ಕಾಯ್ದೆ 2023ರದ್ದು. ನಿಯಮ ಬಂದಿದ್ದು 2025ರ ನವೆಂಬರ್‌ನಲ್ಲಿ. ಮುಖ್ಯವಾದ ಹೊಣೆಗಳಿಗೆ ಹದಿನೆಂಟು ತಿಂಗಳ ಗಡುವು ಇದೆ, ಅಂದರೆ 2027ರ ಮೇ. ಹಾಗಂತ ಅಲ್ಲಿವರೆಗೆ ರಜೆ ಅಂದುಕೊಳ್ಳಬೇಡಿ. 2011ರ ಐಟಿ ನಿಯಮದಲ್ಲೇ ವೈದ್ಯಕೀಯ ದಾಖಲೆ ಸೂಕ್ಷ್ಮ ಮಾಹಿತಿ ಅಂತ ಇದೆ.

ನನ್ನ ಅನುಭವದಲ್ಲಿ ಗುಟ್ಟು ಹೊರಗೆ ಹೋಗೋದು ಪೋರ್ಟಲ್‌ನಿಂದಲ್ಲ, ಕೌಂಟರ್‌ನಿಂದ. ಪ್ರೀ-ಆಥ್ ಫಾರ್ಮ್ ತೆಗೆದು ನೋಡಿ. ಹಳೆಯ ಕಾಯಿಲೆಗಳ ಸಾಲು ಇರುತ್ತದಲ್ಲ? ಸಕ್ಕರೆ, ಬಿಪಿ, ಹೃದಯ, ಆಸ್ತಮಾ, ಕ್ಯಾನ್ಸರ್, ಆಮೇಲೆ ಮದ್ಯ ಅಥವಾ ಮಾದಕ ವಸ್ತು, ಅದರ ಕೆಳಗೆ ಎಚ್‌ಐವಿ ಮತ್ತು ಲೈಂಗಿಕ ಕಾಯಿಲೆ. ಎಷ್ಟೋ ಕಡೆ ಡೆಸ್ಕ್‌ನವರು ಇದನ್ನು ಗಟ್ಟಿಯಾಗಿ ಓದಿ ಕೇಳುತ್ತಾರೆ. ಸುತ್ತ ಅತ್ತೆ, ಭಾವ, ಪಕ್ಕದ ಮನೆಯವರು ನಿಂತಿರುತ್ತಾರೆ. ನಮ್ಮ ಕಡೆ 'ಕುಡಿಯುತ್ತಾರಾ' ಅಂದರೆ ಅರ್ಧ ಜನ ನಗುತ್ತಾರೆ, 'ಹಬ್ಬಕ್ಕೆ, ಮದುವೆಗೆ' ಅನ್ನುತ್ತಾರೆ. ಡೆಸ್ಕ್‌ನವರು ಸುಮ್ನೆ ಟಿಕ್ ಹಾಕುತ್ತಾರೆ. ಆ ಕಾಲಂ ಇರೋದು ಚಟಕ್ಕೆ, ಹಬ್ಬದ ಪೆಗ್ಗಿಗಲ್ಲ. ಟಿಕ್ ಬಿದ್ದ ಮೇಲೆ ಟಿಪಿಎಯಿಂದ ಕ್ವೆರಿ, ಅಂದರೆ ಮರುಪ್ರಶ್ನೆ, ಬರುತ್ತದೆ. ಕ್ವೆರಿಗೆ ಉತ್ತರ ಕೊಡಲು ಇನ್ನಷ್ಟು ಹಳೇ ಕಾಗದ ಕಳಿಸಬೇಕಾಗುತ್ತದೆ. ವೈದ್ಯಕೀಯ ಭಾಗವನ್ನು ಚಿಕಿತ್ಸೆ ಕೊಡುವ ಡಾಕ್ಟರೇ, ಒಳಗೆ, ರೋಗಿ ಹತ್ತಿರ ಕೇಳಿ ತುಂಬಲಿ. ನೀವು ಪಾಲಿಸಿ ನಂಬರ್, ರೂಮ್ ಬಾಡಿಗೆ, ಅಂದಾಜು ಖರ್ಚು ಇಷ್ಟು ತುಂಬಿ.

ಇನ್ನೊಂದು. ಕೊಡವರ ಹೆಸರಿನ ಜೊತೆ ಮನೆಹೆಸರು ಬರುತ್ತದೆ. ಬೋರ್ಡಿನ ಮೇಲೆ ರೋಗಿಯ ಹೆಸರಿಗೆ ಬದಲು ಮನೆಹೆಸರು ಮಾತ್ರ ಬರೆದು 'ಗುಟ್ಟು ಕಾಪಾಡಿದ್ದೇವೆ' ಅನ್ನುವವರನ್ನು ನೋಡಿದ್ದೇನೆ. ಇಡೀ ಒಕ್ಕಕ್ಕೆ (ಕುಲದ ಕುಟುಂಬಕ್ಕೆ) ಗೊತ್ತಾಗಲು ಅಷ್ಟು ಸಾಕು. ಐಪಿ ನಂಬರ್ (ಒಳರೋಗಿಯ ದಾಖಲಾತಿ ಸಂಖ್ಯೆ) ಬರೆಯಿರಿ.

ವಿರಾಜಪೇಟೆ ಕಡೆಯಿಂದ, ರೋಗಿಯ ಮಗಳು

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಅಪ್ಪನನ್ನು ಒಂದು ಆಸ್ಪತ್ರೆಗೆ ಸೇರಿಸಿದ್ದೆವು. 'ಕೀಮೋಗೆ ಅಪ್ರೂವಲ್ ಬಂತು, ಯಾರು ಬಂದಿದ್ದೀರಿ?' ಅಂತ ಕೌಂಟರ್‌ನಿಂದ ಕೂಗಿದರು. ಅಪ್ಪನಿಗೆ ಆಗ ಇನ್ನೂ ಹೇಳಿರಲಿಲ್ಲ. ನಮ್ಮ ತೋಟದ ಲೈನ್ ಮನೆಯ ಕೆಲಸಗಾರರಿಗೆ, ಲೆಕ್ಕ ಬರೆಯುವ ರೈಟರ್‌ಗೆ, ಎಲ್ಲರಿಗೂ ಅವತ್ತೇ ಗೊತ್ತಾಯಿತು. ಪೋರ್ಟಲ್‌ಗೆ ಎಷ್ಟು ಬೀಗ ಹಾಕಿದರೆ ಏನು ಬಂತು? ದಯವಿಟ್ಟು ಹತ್ತಿರ ಕರೆದು ಹೇಳಿ, ಅಷ್ಟೇ.

ನಾಪೋಕ್ಲು, ಮೊದಲು ಬೆಂಗಳೂರಿನ ಟಿಪಿಎ ಒಂದರಲ್ಲಿದ್ದು ಈಗ ತೋಟ ನೋಡಿಕೊಳ್ಳುವವರು

ಆ ಕಡೆ ಕೂತವನ ಕಣ್ಣಿಂದ ಹೇಳುತ್ತೇನೆ. 2024ರ ಮೇ ತಿಂಗಳ ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಡಿಸ್ಚಾರ್ಜ್ ವೇಳೆಯ ಕೊನೆಯ ಒಪ್ಪಿಗೆಗೆ ಮೂರು ಗಂಟೆ. ಈ ಗಡಿಯಾರ ಓಡೋದು ವಿಮಾ ಕಂಪನಿಗೆ, ನಿಮಗಲ್ಲ. ಆದರೆ ಗಾಬರಿ ನಿಮಗೆ ದಾಟುತ್ತದೆ. 'ಪೂರ್ತಿ ಕೇಸ್ ಶೀಟ್ ಕಳಿಸಿ' ಅಂತ ಒಂದು ಸಾಲಿನ ಕ್ವೆರಿ ಬರುತ್ತದೆ. ಡೆಸ್ಕ್‌ನವರು ಫೈಲ್ ಇಡಿಯಾಗಿ ಸ್ಕ್ಯಾನ್ ಮಾಡಿ ಹಾಕಿಬಿಡುತ್ತಾರೆ. ಮಂಡಿ ಆಪರೇಷನ್‌ಗೆ ಬಂದವರ ಫೈಲಿನಲ್ಲಿ ಯಾವಾಗಲೋ ಮನೋವೈದ್ಯರಿಗೆ ತೋರಿಸಿದ ಚೀಟಿಯೂ ಹೋಗುತ್ತದೆ. ಮಾನಸಿಕ ಆರೋಗ್ಯದ ವಿವರ ಗೋಪ್ಯವಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಹೀಗೆ ಮಾಡಿ: 'ಯಾವ ಪುಟ ಬೇಕು, ಯಾವ ಕಾರಣಕ್ಕೆ?' ಅಂತ ಪೋರ್ಟಲ್‌ನಲ್ಲೇ ಮರಳಿ ಕೇಳಿ. ಫೋನಲ್ಲಿ ಬೇಡ, ದಾಖಲೆ ಇರಲಿ. ನಾವು ಬಹಳ ಸಲ 'ಮಂಡಿಯ ಎಕ್ಸ್‌ರೇ ಮತ್ತು ಮೊದಲ ಸಲ ತೋರಿಸಿದ ಚೀಟಿ ಸಾಕು' ಅಂತಲೇ ಉತ್ತರಿಸುತ್ತಿದ್ದೆವು.

ಆದರೆ ಇದನ್ನು ಮುಚ್ಚಿಡುವುದಕ್ಕೆ ದಾರಿ ಅಂತ ತಿಳಿಯಬೇಡಿ. ಈಗಿನ ಕಾಯಿಲೆಗೆ ಸಂಬಂಧಪಟ್ಟ ಹಳೇ ಇತಿಹಾಸ ಹೇಳದೆ ಬಿಟ್ಟರೆ ಕ್ಲೇಮ್ ತಿರಸ್ಕೃತವಾಗಬಹುದು, ಹೊಡೆತ ರೋಗಿಗೆ. ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೆ ಕಾಯುವ ಅವಧಿ ಇರಬಹುದು. ಅದಕ್ಕೇ ಅವರು ಹಳೇ ಕಾಗದ ಹುಡುಕುತ್ತಾರೆ. ಅದರಲ್ಲಿ ನ್ಯಾಯವಿದೆ. ಸಂಬಂಧವಿಲ್ಲದ್ದನ್ನು ಕೇಳಿದಾಗ ಮಾತ್ರ ನೀವು ನಿಲ್ಲಬೇಕು.

ಕುಶಾಲನಗರ, ಕಂಪ್ಯೂಟರ್ ಸರ್ವಿಸ್ ಮಾಡುವವರು

ತಂಗಿ, ವಾಟ್ಸಾಪ್‌ಗಿಂತ ಗ್ಯಾಲರಿಗೆ ಹೆದರಬೇಕು. ಫೋನ್ ರಿಪೇರಿಗೆ ತೆರೆದಾಗ ನಾನು ಕಂಡಿದ್ದು ಹೇಳುತ್ತೇನೆ. ಮಗುವಿನ ಬರ್ತ್‌ಡೇ ಕೇಕ್, ಅದರ ಪಕ್ಕ ಯಾರದೋ ಗರ್ಭಕೋಶದ ಸ್ಕ್ಯಾನ್, ಅದರ ಪಕ್ಕ ಆಧಾರ್ ಕಾರ್ಡ್. ಎಲ್ಲ ತಾನೇ ಗೂಗಲ್ ಫೋಟೋಸ್‌ಗೆ ಏರಿರುತ್ತದೆ. ಮನೆಯ ಟಿವಿಯಲ್ಲೂ ಬಂದರೆ ಆಶ್ಚರ್ಯ ಇಲ್ಲ.

ಕರೆಂಟ್ ಸಮಸ್ಯೆಗೆ ರೂಟರ್‌ಗೊಂದು ಸಣ್ಣ ಯುಪಿಎಸ್, ಜೊತೆಗೆ ಬೇರೆ ಕಂಪನಿ ಸಿಮ್ ಇರುವ ಡಾಂಗಲ್ ಆಸ್ಪತ್ರೆ ಹೆಸರಲ್ಲಿ. ದೊಡ್ಡ ಖರ್ಚೇನಲ್ಲ. ಕಾಗದ ಸ್ಕ್ಯಾನರ್‌ನಲ್ಲೇ ಹಾಕಿ ಆಸ್ಪತ್ರೆಯ ಕಂಪ್ಯೂಟರ್‌ನಲ್ಲಿ ಇಡಿ, ನೆಟ್ ಬಂದಾಗ ಏರಿಸಿ. ತುರ್ತು ಕೇಸಿನಲ್ಲಿ ಟಿಪಿಎಗೆ ಫೋನ್ ಮಾಡಿ ಪಾಲಿಸಿ ನಂಬರ್ ಮಾತ್ರ ಹೇಳಿ. ಬಹುತೇಕ ಪಾಲಿಸಿಗಳಲ್ಲಿ 24 ಗಂಟೆಯೊಳಗೆ ತಿಳಿಸಿದರೆ ನಡೆಯುತ್ತದೆ. ಆಧಾರ್ ಬೇಕೆಂದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ ಮಾಡಿದ್ದು ಸಾಕಾ ಅಂತ ಕೇಳಿ. ಮಾನಿಟರ್ ಅಂಚಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ ಇವತ್ತೇ ಕಿತ್ತುಹಾಕಿ. ಏನಾದರೂ ಹ್ಯಾಕ್ ಆದರೆ ಗೊತ್ತಾದ ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕು, ಈ ಆದೇಶ 2022ರಿಂದಲೇ ಇದೆ.

ಸೋಮವಾರಪೇಟೆ, ಡಾಕ್ಟರ್

ಎಚ್‌ಐವಿ ಕಾಲಂ ಬಗ್ಗೆ ಒಂದೇ ಮಾತು. 2017ರ ಎಚ್‌ಐವಿ ಕಾಯ್ದೆ ಪ್ರಕಾರ ರೋಗಿಯ ಲಿಖಿತ ಒಪ್ಪಿಗೆ ಇಲ್ಲದೆ ಆ ವಿಷಯ ಹೊರಗೆ ಹೇಳುವಂತಿಲ್ಲ. ಫಾರ್ಮ್‌ನ ಕೊನೆಯಲ್ಲಿರುವ ಸಾಮಾನ್ಯ ಸಹಿಯನ್ನು ಅದಕ್ಕೆ ಸಾಕು ಅಂತ ನಾನು ಒಪ್ಪುವುದಿಲ್ಲ. ಬೇರೆ ಹಾಳೆಯಲ್ಲಿ ಬರೆಸಿಕೊಳ್ಳುತ್ತೇನೆ.

ಹಾಗೇ ಒಪ್ಪಿಗೆ ಪತ್ರ ಇಂಗ್ಲಿಷ್‌ನಲ್ಲಿ ಮಾತ್ರ ಇಡಬೇಡಿ. ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಓದುವ ಅವಕಾಶ ಕೊಡಬೇಕು ಅಂತ ಹೊಸ ಡೇಟಾ ಕಾಯ್ದೆ ಹೇಳುತ್ತದೆ, ಕನ್ನಡ ಅದರಲ್ಲಿದೆ. ಕೊಡವ ಭಾಷೆ ಆ ಪಟ್ಟಿಯಲ್ಲಿಲ್ಲ, ಅದು ಬೇರೆ ಬೇಜಾರು. ವಯಸ್ಸಾದವರಿಗೆ ಕೊಡವ ತಕ್ಕ್‌ನಲ್ಲೇ ಬಾಯಲ್ಲಿ ಹೇಳಿ ಆಮೇಲೆ ಸಹಿ ಹಾಕಿಸುತ್ತೇನೆ. ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ನಂಬರ್ ಇಲ್ಲದಿದ್ದರೆ ಚಿಕಿತ್ಸೆ ಇಲ್ಲ ಅನ್ನುವುದೂ ತಪ್ಪು, ಆಭಾ ಐಚ್ಛಿಕ.

ಕೇಳಿದವರು ಮತ್ತೆ

ತುಂಬಾ ಥ್ಯಾಂಕ್ಸ್. ಯುಪಿಎಸ್, ಡಾಂಗಲ್ ಎರಡಕ್ಕೂ ಡಾಕ್ಟರ್ ಹ್ಞೂಂ ಅಂದರು. ಫಾರ್ಮ್ ಒಳಗೇ ತುಂಬಿಸೋದು ನಾಳೆಯಿಂದ. ಒಂದು ಅನುಮಾನ: ನನ್ನ ಫೋನಿನಲ್ಲಿ ಈಗಾಗಲೇ ಇರುವ ಹಳೇ ಫೋಟೋಗಳನ್ನು ಈಗಲೇ ಅಳಿಸಿಬಿಡಲಾ?

ಕುಶಾಲನಗರ

ಅವಸರ ಬೇಡ. ಯಾವ ಕ್ಲೇಮ್ ಇನ್ನೂ ನಡೆಯುತ್ತಿದೆ ನೋಡಿ. ಮೂಲ ಕಾಗದ ಫೈಲಿನಲ್ಲಿದೆಯಾ ಅಂತ ಒಂದೊಂದಾಗಿ ತಾಳೆ ನೋಡಿ. ಇಲ್ಲದ್ದನ್ನು ಆಸ್ಪತ್ರೆಯ ಕಂಪ್ಯೂಟರ್‌ಗೆ ಹಾಕಿ. ಆಮೇಲೆ ಗ್ಯಾಲರಿ, ವಾಟ್ಸಾಪ್ ಚಾಟ್, ಗೂಗಲ್ ಫೋಟೋಸ್ ಮೂರರಿಂದಲೂ ತೆಗೆಯಿರಿ. ಗೂಗಲ್ ಫೋಟೋಸ್‌ನ ಕಸದಬುಟ್ಟಿಯಲ್ಲಿ ಅವು 60 ದಿನ ಉಳಿದಿರುತ್ತವೆ, ಅದನ್ನೂ ಖಾಲಿ ಮಾಡಿ.